ತೊಗರಿ ಬೇರಿನ ಇಂಗಾಲದ ಲೆಕ್ಕ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಮುಂಗಾರಿನ ಹದಕ್ಕೆ ಬಿತ್ತಿದ ತೊಗರಿಯು ರಾಶಿಗೆ ಬರುವವರೆಗಿನ ಐದಾರು ತಿಂಗಳಲ್ಲಿ ಗಾಳಿಯಿಂದ ಎರಡು ವಸ್ತುಗಳನ್ನು ಪಡೆದುಕೊಳ್ಳುತ್ತದೆ: ಎಲೆಗಳ ಮೂಲಕ ಇಂಗಾಲವನ್ನು, ಬೇರಿನ ಗಂಟುಗಳ ಮೂಲಕ ಸಾರಜನಕವನ್ನು. ಮೊದಲನೆಯದಕ್ಕೆ ಬೇಕಾದ ಶಕ್ತಿಯನ್ನು ಬಿಸಿಲು ಪುಕ್ಕಟೆಯಾಗಿ ಒದಗಿಸಿದರೆ, ಎರಡನೆಯದಕ್ಕೆ ಬೇಕಾದ ಶಕ್ತಿಯನ್ನು ಗಿಡವು ಮೊದಲನೆಯದರ ಗಳಿಕೆಯಿಂದಲೇ ತೆರಬೇಕಾಗುತ್ತದೆ. ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲು ಕಾಂಡದೊಳಗಿಂದ ಇಳಿದು, ಬೇರನ್ನು ಸೇರಿ, ಅಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳ ಆಹಾರವಾಗುತ್ತದೆ. ಇನ್ನೊಂದು ಪಾಲು ಬೇರಿನ ತುದಿಯಿಂದ ಒಸರಿ ಸುತ್ತಲಿನ ಮಣ್ಣಿಗೆ ಸೇರುತ್ತದೆ. ಈ ಕೊಡು-ಕೊಳ್ಳುವಿಕೆಯೆಲ್ಲ ನಡೆಯುವುದು ಒಂದು ಮಿಲಿಮೀಟರಿನ ನೂರನೆಯ, ಸಾವಿರನೆಯ ಭಾಗಗಳಲ್ಲಿ ಅಳೆಯಬೇಕಾದ ಜಾಗಗಳಲ್ಲಿ, ಅದೂ ಬೆಳಕು ತೂರದ ಕಪ್ಪು ಮಣ್ಣಿನೊಳಗೆ. ಗಿಡವನ್ನು ಕಿತ್ತು ನೋಡಿದರೆ ವ್ಯವಹಾರವೇ ನಿಂತುಹೋಗುತ್ತದೆ. ಕೀಳದೆ ನೋಡಲು ದಾರಿಯಿಲ್ಲ. ಈ ಇಕ್ಕಟ್ಟನ್ನು ದಾಟಲು ಜೀವವಿಜ್ಞಾನಿಗಳು ಕಳೆದ ಐದು ದಶಕಗಳಲ್ಲಿ ರೂಪಿಸಿಕೊಂಡಿರುವ ಅತಿ ಸಣ್ಣ ಸಾಧನಗಳು, ಅಂದರೆ ಕೂದಲೆಳೆಗಿಂತ ಸಪೂರವಾದ ವಿದ್ಯುದಗ್ರಗಳು ಮತ್ತು ಗಾಜಿನ ಮೇಲೆ ಅಂಟಿಸಿದ ಸೂಕ್ಷ್ಮ ಕಾಲುವೆಗಳ ಚಿಪ್ಪುಗಳು, ತೊಗರಿಯ ಕಣಜವೆನಿಸಿದ ಈ ಸೀಮೆಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆಗಳಿಗೆ ಉತ್ತರ ಹುಡುಕಬಲ್ಲವು.

ರೈತನಿಗೆ ತನ್ನ ಹೊಲದ ಇಂಗಾಲದ ಬಗ್ಗೆ ಇಂದು ದೊರೆಯುವ ಮಾಹಿತಿ ಒಂದೇ ಒಂದು ಅಂಕಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಹನ್ನೆರಡು ಅಂಶಗಳನ್ನು ಪರೀಕ್ಷಿಸಲಾಗುತ್ತದೆ. ಅವುಗಳಲ್ಲಿ ಸಾವಯವ ಇಂಗಾಲವೂ ಒಂದು. ಸಾವಯವ ಇಂಗಾಲವೆಂದರೆ ಜೀವಿಗಳಿಂದ ಬಂದು ಮಣ್ಣಿನಲ್ಲಿ ಉಳಿದ ಇಂಗಾಲ: ಕೊಳೆತ ಎಲೆ, ಸತ್ತ ಬೇರು, ತಿಪ್ಪೆಗೊಬ್ಬರ, ಸೂಕ್ಷ್ಮಜೀವಿಗಳ ದೇಹ ಇವೆಲ್ಲದರ ಶೇಷ. ಅದರ ಪ್ರಮಾಣ ಶೇಕಡಾ 0.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ, 0.5ರಿಂದ 0.75ರವರೆಗೆ ಮಧ್ಯಮ, ಅದಕ್ಕೂ ಹೆಚ್ಚಿದ್ದರೆ ಹೆಚ್ಚು ಎಂದು ವರ್ಗೀಕರಿಸುವುದು ನಮ್ಮ ದೇಶದ ರೂಢಿ. ಪ್ರಯೋಗಾಲಯಗಳು ಇದಕ್ಕೆ ಬಳಸುವುದು ವಾಕ್ಲಿ ಮತ್ತು ಬ್ಲ್ಯಾಕ್ ಎಂಬಿಬ್ಬರು 1934ರಲ್ಲಿ ಪ್ರಕಟಿಸಿದ ವಿಧಾನವನ್ನು. ಮಣ್ಣಿಗೆ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಂಧಕಾಮ್ಲವನ್ನು ಸೇರಿಸಿ, ಇಂಗಾಲವನ್ನು ಉತ್ಕರ್ಷಣೆಗೊಳಿಸಿ, ಖರ್ಚಾದ ಡೈಕ್ರೋಮೇಟಿನಿಂದ ಇಂಗಾಲದ ಲೆಕ್ಕ ತೆಗೆಯುವ ಸರಳ, ಗಟ್ಟಿ ವಿಧಾನವದು. ಆದರೆ ಆ ಅಂಕಿ, ಹಗೇವಿನಲ್ಲಿ ಇಂದು ಎಷ್ಟು ಚೀಲ ಜೋಳವಿದೆ ಎಂದು ಹೇಳಿ, ದಿನಕ್ಕೆ ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಎಷ್ಟನ್ನು ಹುಳು ತಿಂದಿತು ಎಂಬುದನ್ನು ಹೇಳದ ಲೆಕ್ಕದಂತೆ. ಮಣ್ಣಿನ ಬಾಳಿಕೆ ನಿರ್ಧಾರವಾಗುವುದು ಈ ಎರಡನೆಯ ಲೆಕ್ಕದಿಂದ.

ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರಿನಲ್ಲಿ ಸುಮಾರು 1500 ಶತಕೋಟಿ ಟನ್ ಸಾವಯವ ಇಂಗಾಲವಿದೆಯೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಇದು ವಾತಾವರಣದಲ್ಲಿರುವುದಕ್ಕಿಂತಲೂ ಎಲ್ಲ ಸಸ್ಯಗಳಲ್ಲಿರುವುದಕ್ಕಿಂತಲೂ ಹೆಚ್ಚು. ಇಷ್ಟು ದೊಡ್ಡ ಸಂಗ್ರಹದ ಒಳಹರಿವು ಮತ್ತು ಹೊರಹರಿವುಗಳಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಹವಾಮಾನದ ಮೇಲೆ ಅದರ ಪರಿಣಾಮ ಆಗುತ್ತದೆ. ಹೀಗಿದ್ದರೂ ಒಂದು ಎಕರೆ ಹೊಲದ ಇಂಗಾಲದ ಗತಿಯನ್ನು ನಿರ್ಧರಿಸುವವರು ಒಂದೆರಡು ಮೈಕ್ರೊಮೀಟರ್ ಉದ್ದದ ಬ್ಯಾಕ್ಟೀರಿಯಾಗಳು ಮತ್ತು ಅವುಗಳಿಗಿಂತ ತುಸು ದಪ್ಪನೆಯ ಶಿಲೀಂಧ್ರದ ಎಳೆಗಳು. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪ ಎಪ್ಪತ್ತು-ಎಂಬತ್ತು ಮೈಕ್ರೊಮೀಟರ್, ಬೇರುರೋಮದ ದಪ್ಪ ಹತ್ತರ ಆಸುಪಾಸು.

ಇಷ್ಟು ಸಣ್ಣ ಅಳತೆಯಲ್ಲಿ ವಸ್ತುಗಳ ಚಲನೆಯ ನಿಯಮವೇ ಬೇರೆಯಾಗಿ ಕಾಣುತ್ತದೆ. ನೀರಿನಲ್ಲಿ ಕರಗಿದ ಸಣ್ಣ ಅಣುವೊಂದು ಯಾರೂ ಕದಡದೆ ತನ್ನಷ್ಟಕ್ಕೆ ಹರಡಿಕೊಳ್ಳುವುದನ್ನು ವಿಸರಣವೆನ್ನುತ್ತಾರೆ. ವಿಸರಣದಿಂದ ಹತ್ತು ಮೈಕ್ರೊಮೀಟರ್ ದಾಟಲು ಅಂಥ ಅಣುವಿಗೆ ಒಂದು ಸೆಕೆಂಡಿನ ಇಪ್ಪತ್ತನೆಯ ಭಾಗ ಸಾಕು. ಒಂದು ಸೆಂಟಿಮೀಟರ್ ದಾಟಲು ಅರ್ಧ ದಿನಕ್ಕೂ ಹೆಚ್ಚು ಬೇಕು, ಏಕೆಂದರೆ ದೂರ ಎರಡರಷ್ಟಾದರೆ ಹಿಡಿಯುವ ಕಾಲ ನಾಲ್ಕರಷ್ಟಾಗುತ್ತದೆ. ಹೀಗಾಗಿ ಬ್ಯಾಕ್ಟೀರಿಯಾಕ್ಕೆ ಅದರ ಮಗ್ಗುಲಲ್ಲಿರುವ ಸಕ್ಕರೆ ಕ್ಷಣಮಾತ್ರದಲ್ಲಿ ಸಿಗುತ್ತದೆ, ಒಂದು ಗೇಣಿನಾಚೆ ಇರುವುದು ಇಲ್ಲದಿದ್ದಂತೆಯೇ ಸರಿ. ಆಮ್ಲಜನಕದ ವಿಷಯದಲ್ಲಿ ಇನ್ನೊಂದು ಅಂಶ ಸೇರುತ್ತದೆ: ಅದು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಮಣ್ಣಿನ ರಂಧ್ರಗಳಲ್ಲಿ ಗಾಳಿಯಿದ್ದಾಗ ಬೇರು ಉಸಿರಾಡುತ್ತದೆ. ಅದೇ ರಂಧ್ರಗಳಲ್ಲಿ ನೀರು ತುಂಬಿದಾಗ ಮೇಲೆ ಬೇಕಾದಷ್ಟು ಗಾಳಿಯಿದ್ದರೂ ಬೇರಿಗೆ ಉಸಿರು ಕಟ್ಟುತ್ತದೆ.

ಎರೆಮಣ್ಣಿನ ಗುಣವನ್ನು ಬಲ್ಲವರಿಗೆ ಈ ಮಾತಿನ ತೂಕ ಕೂಡಲೇ ತಿಳಿಯುತ್ತದೆ. ದಖ್ಖನ್ನಿನ ಅಗ್ನಿಶಿಲೆ ಶಿಥಿಲಗೊಂಡು ಉಂಟಾದ ಈ ಮಣ್ಣಿನಲ್ಲಿ ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ ಹೇರಳವಾಗಿದೆ. ಅದರ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಆರಿದಾಗ ಮಣ್ಣು ಕುಗ್ಗಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳು ಬಾಯ್ದೆರೆಯುತ್ತವೆ. ಒಂದೇ ಹೊಲ ವರ್ಷದಲ್ಲಿ ಎರಡು ಬಗೆಯ ಲೋಕವಾಗುತ್ತದೆ: ಆಷಾಢ-ಶ್ರಾವಣದ ಜಡಿಮಳೆಯಲ್ಲಿ ಆಮ್ಲಜನಕಕ್ಕೆ ತತ್ವಾರವಾದ ಕೆಸರು, ಚೈತ್ರ-ವೈಶಾಖದಲ್ಲಿ ಗಾಳಿ ಆಳಕ್ಕಿಳಿಯುವ ಬಿರುಕುನೆಲ. ಈ ಮಣ್ಣಿನಲ್ಲಿ ನೀರು ನಿಂತರೆ ತೊಗರಿ ತಾಳಿಕೊಳ್ಳುವುದಿಲ್ಲವೆಂಬುದು ರೈತರ ಅನುಭವವೂ ಹೌದು, ಕೃಷಿ ವಿಜ್ಞಾನದ ದೃಢವಾದ ತೀರ್ಮಾನವೂ ಹೌದು. ಸಾಲು-ಬೋದು ಮಾಡಿ ಹೆಚ್ಚಿನ ನೀರನ್ನು ಹೊರಹಾಕಬೇಕೆಂಬ ಶಿಫಾರಸು ಬಂದಿರುವುದು ಇದೇ ಕಾರಣದಿಂದ.

ನೀರು ನಿಂತಾಗ ಗಿಡಕ್ಕೆ ಆಗುವ ನಷ್ಟದ ಒಂದು ಮೂಲ ಬೇರುಗಂಟಿನಲ್ಲಿದೆ, ಮತ್ತು ಆ ಗಂಟಿನ ಒಳಗುಟ್ಟನ್ನು ತೆರೆದು ತೋರಿಸಿದ್ದು ಒಂದು ಸೂಕ್ಷ್ಮ ಸಾಧನವೇ. ಬಿತ್ತಿ ಒಂದೂವರೆ-ಎರಡು ತಿಂಗಳಾದ ತೊಗರಿ ಗಿಡವನ್ನು ಹಸಿ ಮಣ್ಣಿನ ಹೆಂಟೆಯ ಸಮೇತ ಅಗೆದು, ನೀರಿನಲ್ಲಿ ಅದ್ದಿ ಮೆಲ್ಲಗೆ ಮಣ್ಣು ಬಿಡಿಸಿದರೆ, ಬೇರಿಗೆ ಅಂಟಿಕೊಂಡ ಚಿಕ್ಕ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ದುಡಿಯುತ್ತಿರುವ ಗಂಟು, ಹಸಿರು ಅಥವಾ ಬೂದುಬಣ್ಣಕ್ಕೆ ತಿರುಗಿದ್ದರೆ ಕೆಲಸ ಮುಗಿಸಿದ ಗಂಟು. ಆ ಕೆಂಪು, ಮನುಷ್ಯನ ರಕ್ತದ ಹಿಮೋಗ್ಲೋಬಿನ್ನಿನ ಬಂಧುವಾದ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. ಗಂಟಿನೊಳಗೆ ವಾಸಿಸುವ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೋಜಿನೇಸ್ ಎಂಬ ಕಿಣ್ವದ ನೆರವಿನಿಂದ ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಬದಲಾಯಿಸುತ್ತವೆ. ಸಾರಜನಕದ ಅಣುವಿನ ಎರಡು ಪರಮಾಣುಗಳನ್ನು ಹಿಡಿದಿಟ್ಟ ಬಂಧ ಬಹಳ ಗಟ್ಟಿಯಾದದ್ದು. ಅಂಥ ಒಂದು ಅಣುವನ್ನು ಒಡೆಯಲು ಜೀವಕೋಶದ ಶಕ್ತಿನಾಣ್ಯವೆನಿಸಿದ ಎಟಿಪಿಯ ಕನಿಷ್ಠ 16 ಅಣುಗಳು ಖರ್ಚಾಗುತ್ತವೆ. ಗಿಡದ ಕಡೆಯಿಂದ ಲೆಕ್ಕ ಹಾಕಿದರೆ, ಒಂದು ಗ್ರಾಂ ಸಾರಜನಕಕ್ಕಾಗಿ ಅದು ತೆರುವ ಇಂಗಾಲ ಆರೇಳು ಗ್ರಾಮಿನಷ್ಟೆಂದು ದ್ವಿದಳ ಬೆಳೆಗಳ ಮೇಲಿನ ಅನೇಕ ಪ್ರಯೋಗಗಳು ಅಂದಾಜಿಸಿವೆ. ಯೂರಿಯಾ ಚೀಲಕ್ಕೆ ರೈತ ಹಣ ಕೊಟ್ಟರೆ, ತೊಗರಿ ತನ್ನ ಸಾರಜನಕಕ್ಕೆ ಎಲೆಯ ದುಡಿಮೆಯನ್ನೇ ಕೊಡುತ್ತದೆ.

ಇಲ್ಲಿ ಒಂದು ವಿರೋಧಾಭಾಸವಿದೆ. ಅಷ್ಟೊಂದು ಎಟಿಪಿ ತಯಾರಿಸಲು ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು. ಆದರೆ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಮತ್ತೆ ಸರಿಪಡಿಸಲಾಗದಂತೆ ಕೆಡುತ್ತದೆ. ಎರಡನ್ನೂ ಗಿಡ ಹೇಗೆ ಸಂಭಾಳಿಸುತ್ತದೆಯೆಂಬುದನ್ನು ತಿಳಿಯಲು ಗಂಟಿನ ಒಳಗಡೆ, ಪದರ ಪದರವಾಗಿ, ಆಮ್ಲಜನಕವನ್ನು ಅಳೆಯುವ ಸಲಕರಣೆ ಬೇಕಿತ್ತು. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1950ರ ದಶಕದಲ್ಲಿ ರಕ್ತದ ಆಮ್ಲಜನಕವನ್ನು ಅಳೆಯಲು ರೂಪಿಸಿದ ವಿದ್ಯುದಗ್ರದಲ್ಲಿ ಪ್ಲಾಟಿನಂ ತಂತಿಯ ತುದಿಗೆ ಬಂದು ತಾಗುವ ಪ್ರತಿಯೊಂದು ಆಮ್ಲಜನಕದ ಅಣುವೂ ನಿರ್ದಿಷ್ಟ ಸಂಖ್ಯೆಯ ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದರಿಂದ, ಹರಿಯುವ ವಿದ್ಯುತ್ತಿನ ಪ್ರಮಾಣವೇ ಆಮ್ಲಜನಕದ ಪ್ರಮಾಣವನ್ನು ತಿಳಿಸುತ್ತದೆ. ಇದೇ ತತ್ವವನ್ನು ಕೆಲವೇ ಮೈಕ್ರೊಮೀಟರ್ ದಪ್ಪದ ಗಾಜಿನ ಮೊನೆಗೆ ಇಳಿಸಿದ ಮೇಲೆ, 1974ರಲ್ಲಿ ಟೆಪ್ಕೆಮಾ ಮತ್ತು ಯೋಕಮ್ ಎಂಬ ಸಂಶೋಧಕರು ಸೋಯಾ ಅವರೆಯ ಬೇರುಗಂಟಿನೊಳಕ್ಕೆ ಅಂಥ ಮೊನೆಯನ್ನು ಹಂತ ಹಂತವಾಗಿ ತೂರಿಸಿ ಅಳತೆ ಮಾಡಿದರು. ಹೊರ ಸಿಪ್ಪೆಯಲ್ಲಿ ಧಾರಾಳವಾಗಿದ್ದ ಆಮ್ಲಜನಕ ಒಳ ಸಿಪ್ಪೆಯ ತೆಳ್ಳನೆಯ ಪದರವೊಂದನ್ನು ದಾಟುತ್ತಿದ್ದಂತೆ ತಟ್ಟನೆ ಇಳಿದುಬಿಟ್ಟಿತು. ಗಂಟಿನ ಸುತ್ತ ಗಿಡವೇ ಕಟ್ಟಿಕೊಂಡ ತಡೆಗೋಡೆಯೊಂದಿದೆಯೆಂಬುದು ಈ ಬಗೆಯ ಅಳತೆಗಳಿಂದ ಗೊತ್ತಾಯಿತು. ಒಳಗೆ ಬಿಡಿಯಾಗಿ ಉಳಿಯುವ ಆಮ್ಲಜನಕ ಎಷ್ಟೆಂಬುದನ್ನು ಮುಂದೆ ಲೆಗ್‌ಹಿಮೋಗ್ಲೋಬಿನ್ನಿನ ಬಣ್ಣದ ಬದಲಾವಣೆಯನ್ನು ಬೆಳಕಿನಿಂದ ಅಳೆದು ಲೆಕ್ಕ ಹಾಕಲಾಯಿತು. ಗಾಳಿ ಚೆನ್ನಾಗಿ ಬೆರೆತ ನೀರಿನಲ್ಲಿರುವುದರ ಹತ್ತು ಸಾವಿರದ ಒಂದು ಭಾಗದ ಆಸುಪಾಸು ಮಾತ್ರ ಅದು. ಆದರೂ ಬ್ಯಾಕ್ಟೀರಿಯಾಗಳ ಉಸಿರು ನಿಲ್ಲುವುದಿಲ್ಲ, ಏಕೆಂದರೆ ಆಮ್ಲಜನಕವನ್ನು ಹಿಡಿದುಕೊಂಡೇ ಸಾಗಿಸುವ ಲೆಗ್‌ಹಿಮೋಗ್ಲೋಬಿನ್ ಅಲ್ಲಿ ತುಂಬಿಕೊಂಡಿರುತ್ತದೆ.

ಎರೆಮಣ್ಣು ನೀರು ಕುಡಿದು ಉಬ್ಬಿದಾಗ ಕೆಡುವುದು ಇದೇ ಸೂಕ್ಷ್ಮ ಸಮತೋಲ. ಹೊರಗಿನ ಆಮ್ಲಜನಕವೇ ಬತ್ತಿದ ಮೇಲೆ ಗಂಟಿನೊಳಗಿನ ಎಟಿಪಿ ಕುಸಿಯುತ್ತದೆ, ಸಾರಜನಕದ ಸ್ಥಿರೀಕರಣ ತಗ್ಗುತ್ತದೆ, ಹೊಲ ಹಳದಿಗೆ ತಿರುಗುತ್ತದೆ. ಬೀಜೋಪಚಾರದ ಹೊತ್ತಿನಲ್ಲಿ ಬೆಲ್ಲದ ಪಾಕದಲ್ಲಿ ರೈಜೋಬಿಯಂ ಪುಡಿಯನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಿದ ರೈತನ ಶ್ರಮ ಒಂದು ವಾರ ನಿಂತ ನೀರಿಗೆ ಹೇಗೆ ವ್ಯರ್ಥವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿಲ್ಲ. ಮೊನೆ ವಿದ್ಯುದಗ್ರಗಳನ್ನು ಡೆನ್ಮಾರ್ಕಿನ ಆರ್ಹಸ್ ವಿಶ್ವವಿದ್ಯಾಲಯದ ನೀಲ್ಸ್ ಪೀಟರ್ ರೆವ್ಸ್‌ಬೆಕ್ 1980ರ ದಶಕದಲ್ಲಿ ಬಹಳಷ್ಟು ಸುಧಾರಿಸಿದ ಮೇಲೆ, ಕೆಸರು ಮತ್ತು ಗದ್ದೆಮಣ್ಣಿನ ಅಧ್ಯಯನಕ್ಕೂ ಅವು ಬಳಕೆಗೆ ಬಂದವು. ನೀರು ನಿಂತ ಭತ್ತದ ಗದ್ದೆಯಲ್ಲಿ ಆಮ್ಲಜನಕ ಮಣ್ಣಿನೊಳಕ್ಕೆ ಇಳಿಯುವುದು ಕೆಲವೇ ಮಿಲಿಮೀಟರ್. ಅದರ ಕೆಳಗೆ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳ ರಾಜ್ಯ, ಅಲ್ಲಿ ಇಂಗಾಲವು ಕೊನೆಗೆ ಮೀಥೇನ್ ಅನಿಲವಾಗಿ ಹೊರಬೀಳುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಶಾಖೆಯಿಂದ ನೀರು ಕಂಡ ಜೇವರ್ಗಿಯ ಹೊಲಗಳಲ್ಲಿ ಒಣಬೇಸಾಯದ ಎರೆಯು ನೀರಾವರಿಯ ಎರೆಯಾಗಿ ಮಾರ್ಪಟ್ಟಾಗ ಬದಲಾಗುವುದು ಬೆಳೆಯೊಂದೇ ಅಲ್ಲ, ಮಣ್ಣಿನೊಳಗಿನ ಉಸಿರಾಟದ ಬಗೆಯೂ ಬದಲಾಗುತ್ತದೆ.

ವಿದ್ಯುದಗ್ರ ಒಂದು ಬಿಂದುವಿನ ಅಳತೆಯನ್ನು ಕೊಡುತ್ತದೆ; ನಡೆಯುವುದನ್ನು ಕಣ್ಣಿಗೆ ತೋರಿಸುವುದು ಎರಡನೆಯ ಬಗೆಯ ಸಾಧನ, ಮೈಕ್ರೋಫ್ಲೂಯಿಡಿಕ್ ಚಿಪ್. ಹೆಸರು ಉದ್ದವಾದರೂ ವಸ್ತು ಸರಳ: ಅಂಗೈಯಲ್ಲಿ ಹಿಡಿಯುವ ಗಾಜಿನ ಪಟ್ಟಿಯ ಮೇಲೆ ಪಾರದರ್ಶಕ ರಬ್ಬರಿನ ತುಂಡು, ಆ ರಬ್ಬರಿನ ತಳದಲ್ಲಿ ಹತ್ತಾರು ಮೈಕ್ರೊಮೀಟರ್ ಅಗಲದ ಕಾಲುವೆಗಳು. ಅದನ್ನು ತಯಾರಿಸುವ ಕ್ರಮ ಹೀಗಿದೆ. ನುಣುಪಾದ ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ರಾಳವೊಂದನ್ನು ತೆಳುವಾಗಿ ಹರಡುತ್ತಾರೆ. ಕಾಲುವೆಯ ನಕ್ಷೆಯನ್ನು ಮುದ್ರಿಸಿದ ಹಾಳೆಯನ್ನು ಅದರ ಮೇಲಿಟ್ಟು ನೇರಳಾತೀತ ಬೆಳಕು ಬಿಟ್ಟರೆ, ಬೆಳಕು ಬಿದ್ದ ಭಾಗ ಗಟ್ಟಿಯಾಗಿ, ಉಳಿದದ್ದು ದ್ರಾವಕದಲ್ಲಿ ತೊಳೆದುಹೋಗಿ, ಕಾಲುವೆಯ ಉಬ್ಬು ಅಚ್ಚು ಉಳಿಯುತ್ತದೆ. ಪಿಡಿಎಂಎಸ್ ಎಂಬ ಸಿಲಿಕೋನ್ ದ್ರವಕ್ಕೆ ಹತ್ತಕ್ಕೆ ಒಂದರ ಪ್ರಮಾಣದಲ್ಲಿ ಗಟ್ಟಿಗೊಳಿಸುವ ವಸ್ತುವನ್ನು ಬೆರೆಸಿ, ಗುಳ್ಳೆಗಳನ್ನು ನಿರ್ವಾತದಲ್ಲಿ ಹೊರತೆಗೆದು, ಅಚ್ಚಿನ ಮೇಲೆ ಸುರಿದು, ಎಪ್ಪತ್ತು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಒಂದೆರಡು ತಾಸು ಇಟ್ಟರೆ ಅದು ರಬ್ಬರಾಗುತ್ತದೆ. ಸುಲಿದು ತೆಗೆದ ರಬ್ಬರಿಗೆ ನೀರು ಹೋಗಿಬರುವ ತೂತುಗಳನ್ನು ಕೊರೆದು, ಅದರ ಮತ್ತು ಗಾಜಿನ ಮೈಯನ್ನು ಪ್ಲಾಸ್ಮಾ ಎಂಬ ಅನಿಲಸ್ಥಿತಿಗೆ ಒಡ್ಡಿ ಒತ್ತಿದರೆ ಎರಡೂ ಬಿಡಿಸಲಾಗದಂತೆ ಬೆಸೆದುಕೊಳ್ಳುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ 1990ರ ದಶಕದಲ್ಲಿ ಬೆಳೆಸಿದ ಈ ವಿಧಾನದ ದೊಡ್ಡ ಗುಣವೆಂದರೆ, ಅಚ್ಚು ಒಮ್ಮೆ ಸಿದ್ಧವಾದರೆ ಅದರಿಂದ ಅನೇಕ ಚಿಪ್ಪುಗಳನ್ನು ಸಾಮಾನ್ಯ ಪ್ರಯೋಗಾಲಯದಲ್ಲೇ ಎರಕ ಹೊಯ್ಯಬಹುದು. ಅಚ್ಚಿನ ಕೆಲಸಕ್ಕೆ ಮಾತ್ರ ಧೂಳಿಲ್ಲದ ಶುದ್ಧಕೋಣೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಅಂಥ ಸೌಲಭ್ಯವಿದೆ.

ಬೇರನ್ನು ಇಂಥ ಕಾಲುವೆಯೊಳಗೆ ಬೆಳೆಸುವ ಪ್ರಯತ್ನಗಳಲ್ಲಿ 2011ರಲ್ಲಿ ಪ್ರಕಟವಾದ ‘ರೂಟ್‌ಚಿಪ್’ ಹೆಸರುವಾಸಿಯಾದದ್ದು. ಗೈಡೊ ಗ್ರಾಸ್‌ಮನ್, ವೂಲ್ಫ್ ಫ್ರಾಮರ್ ಮತ್ತು ಸಂಗಡಿಗರು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಬೇರುಗಳನ್ನು ಚಿಪ್ಪಿನ ಕೋಣೆಗಳಿಗೆ ಇಳಿಬಿಟ್ಟು, ಸಕ್ಕರೆ ಬೆರೆಸಿದ ನೀರನ್ನೂ ಸಕ್ಕರೆಯಿಲ್ಲದ ನೀರನ್ನೂ ಸರದಿಯ ಪ್ರಕಾರ ಹರಿಸಿ, ಬೇರಿನ ಕೋಶಗಳಲ್ಲೇ ಇರಿಸಿದ ಹೊಳೆಯುವ ಪ್ರೋಟೀನುಗಳ ಬಣ್ಣದ ಬದಲಾವಣೆಯಿಂದ ಸಕ್ಕರೆ ಒಳಬರುವುದನ್ನೂ ಕರಗಿಹೋಗುವುದನ್ನೂ ಸೂಕ್ಷ್ಮದರ್ಶಕದಡಿ ಕಂಡರು. ಕಿತ್ತ ಬೇರಿನ ರಸಾಯನ ವಿಶ್ಲೇಷಣೆ ಗಂಟೆಗಳ ಸರಾಸರಿಯನ್ನು ಕೊಟ್ಟರೆ, ಇಲ್ಲಿ ಜೀವಂತ ಬೇರಿನ ನಿಮಿಷ ನಿಮಿಷದ ಜಮಾ-ಖರ್ಚು ಕಣ್ಣೆದುರಿಗಿರುತ್ತದೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಎಡಿತ್ ಹ್ಯಾಮರ್ ಅವರ ತಂಡ ಇನ್ನೊಂದು ದಿಕ್ಕಿನಿಂದ ಹೊರಟಿತು. ಮಣ್ಣಿನ ರಂಧ್ರಗಳ ಹಾಗೆ ಸಂದುಗೊಂದುಗಳಿರುವ ಚಿಪ್ಪನ್ನು ಮಾಡಿ, ಅದರ ಒಂದು ಅಂಚನ್ನು ತೆರೆದಿಟ್ಟು, ನಿಜವಾದ ಮಣ್ಣಿಗೆ ತಾಗಿಸಿ, ಮಣ್ಣಿನ ಜೀವಿಗಳು ತಾವಾಗಿಯೇ ಒಳಬರುವಂತೆ ಮಾಡಲಾಯಿತು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶಿಲೀಂಧ್ರದ ಎಳೆಗಳು ಸಂದುಗಳನ್ನು ಹೊಕ್ಕು ದಾರಿ ಬಿಡಿಸಿದವು, ಅವುಗಳ ತೇವದ ಮೈಗುಂಟ ಬ್ಯಾಕ್ಟೀರಿಯಾಗಳೂ ನೀರಿನಲ್ಲಿ ಬಾಳುವ ಇತರ ಸೂಕ್ಷ್ಮಜೀವಿಗಳೂ ಒಣ ರಂಧ್ರಗಳ ಆಚೆಗೆ ಹಬ್ಬಿದವು. ಮಣ್ಣಿನ ಸೂಕ್ಷ್ಮಜೀವಿಗಳ ಕುರಿತ ಪಠ್ಯಪುಸ್ತಕಗಳಲ್ಲಿ ಬಹುಕಾಲ ಅಕ್ಷರದಲ್ಲಷ್ಟೇ ಇದ್ದ ಸಂಗತಿ ಹೀಗೆ ಚಲಿಸುವ ಚಿತ್ರವಾಗಿ ದೊರೆತದ್ದು ಸಣ್ಣ ಸಾಧನೆಯೇನಲ್ಲ. ಇಂಗಾಲದ ದೃಷ್ಟಿಯಿಂದಲೂ ಇದು ಮಹತ್ವದ್ದು: ಕಿರಿದಾದ ಸಂದಿನ ತುದಿಯಲ್ಲಿ ಸಿಕ್ಕಿಕೊಂಡ ಆಹಾರವನ್ನು ಬ್ಯಾಕ್ಟೀರಿಯಾ ತಲುಪಲಾಗದಿದ್ದರೆ ಆ ಇಂಗಾಲ ಮಣ್ಣಿನಲ್ಲೇ ಉಳಿಯುತ್ತದೆ, ಶಿಲೀಂಧ್ರ ದಾರಿ ತೆರೆದರೆ ಅದು ಉಸಿರಾಗಿ ಹೊರಹೋಗುತ್ತದೆ. ಮಣ್ಣಿನ ಇಂಗಾಲ ಎಷ್ಟು ಕಾಲ ಉಳಿಯುತ್ತದೆಂಬುದು ಅದರ ರಾಸಾಯನಿಕ ಸ್ವರೂಪದಷ್ಟೇ ಅದು ಕುಳಿತ ಜಾಗವನ್ನೂ ಅವಲಂಬಿಸಿದೆಯೆಂಬ ಇತ್ತೀಚಿನ ತಿಳಿವಳಿಕೆಗೆ ಇಂಥ ಪ್ರಯೋಗಗಳು ಕಣ್ಣಾರೆ ಕಾಣುವ ಪುರಾವೆ ಒದಗಿಸಿವೆ.

ಎರೆಭೂಮಿಗೆ ಮುಂಗಾರಿನ ಮೊದಲ ಮಳೆ ಬಿದ್ದಾಗ ಆಗುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೇಸಿಗೆಯುದ್ದಕ್ಕೂ ಕಾದ ಮಣ್ಣು ಒಮ್ಮೆಲೇ ತೊಯ್ದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಭರದಿಂದ ಹೊರಬೀಳುತ್ತದೆ, ಜೊತೆಗೆ ಒಂದಿಷ್ಟು ಸಾರಜನಕವೂ ಬೆಳೆಗೆ ಸಿಗುವ ರೂಪಕ್ಕೆ ಬರುತ್ತದೆ. ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿದ ಎಚ್. ಎಫ್. ಬರ್ಚ್ 1958ರಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದರಿಂದ ಇದಕ್ಕೆ ಬರ್ಚ್ ಪರಿಣಾಮವೆಂದೇ ಹೆಸರು. ಒಣಗಿ ಸತ್ತ ಸೂಕ್ಷ್ಮಜೀವಿಗಳ ದೇಹ, ಬದುಕುಳಿದವುಗಳು ನೀರಿನ ಒತ್ತಡಕ್ಕೆ ಹೊರಚೆಲ್ಲುವ ಕೋಶರಸ, ಹೆಂಟೆ ಒಡೆದಾಗ ಬಯಲಿಗೆ ಬಂದ ಹಳೆಯ ಇಂಗಾಲ ಇವೆಲ್ಲವೂ ಆ ಭರಕ್ಕೆ ಕಾರಣವೆನ್ನಲಾಗುತ್ತದೆ. ಯಾವುದರ ಪಾಲು ಎಷ್ಟು ಎಂಬುದು ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ. ಒಣಗಿಸಿ ಮತ್ತೆ ತೋಯಿಸಿದ ಚಿಪ್ಪಿನೊಳಗೆ ಒಂದೊಂದು ಜೀವಕೋಶವನ್ನೂ ಹಿಂಬಾಲಿಸಿ ನೋಡಬಹುದಾದ್ದರಿಂದ ಈ ಪಾಲುಗಳನ್ನು ಬೇರ್ಪಡಿಸುವ ದಾರಿ ಈಗ ತೆರೆದಿದೆ. ರೋಹಿಣಿ ಮಳೆಗೆ ಮುನ್ನ ಹರಗುವುದೋ, ಬಿಡುವುದೋ, ತಿಪ್ಪೆಗೊಬ್ಬರವನ್ನು ಯಾವಾಗ ಚೆಲ್ಲುವುದು, ಭೀಮಾ ದಂಡೆಯ ಅಫಜಲಪುರದ ಕಬ್ಬಿನ ಗದ್ದೆಗಳಲ್ಲಿ ರವದಿಯನ್ನು ಸುಡುವ ಬದಲು ಹೊದಿಕೆಯಾಗಿ ಬಿಟ್ಟರೆ ಮಣ್ಣಿಗೆ ನಿಲ್ಲುವುದೆಷ್ಟು, ಗಾಳಿಗೆ ಹೋಗುವುದೆಷ್ಟು ಎಂಬ ದಿನಬಳಕೆಯ ಪ್ರಶ್ನೆಗಳೆಲ್ಲ ಈ ಮೊದಲ ತೇವದ ಗಳಿಗೆಗೆ ಹೊಂದಿಕೊಂಡಿವೆ.

ಶಿಲೀಂಧ್ರವೆಂದರೆ ಉಪಕಾರಿಯೇ ಆಗಬೇಕಿಲ್ಲ. ಕಲಬುರಗಿ ಸೀಮೆಯ ರೈತರು ನೆಟೆ ರೋಗವೆನ್ನುವ ತೊಗರಿಯ ಸೊರಗು ರೋಗಕ್ಕೆ ಮುಖ್ಯ ಕಾರಣ ಫ್ಯುಸೇರಿಯಂ ಉಡಂ ಎಂಬ ಮಣ್ಣಿನ ಶಿಲೀಂಧ್ರ; ಅದು ಬೇರಿನ ಮೂಲಕ ಹೊಕ್ಕು, ನೀರು ಸಾಗಿಸುವ ನಾಳಗಳನ್ನು ಕಟ್ಟಿ, ಹೂವು-ಕಾಯಿಯ ಹೊತ್ತಿಗೆ ಗಿಡವನ್ನು ನಿಂತಲ್ಲೇ ಒಣಗಿಸುತ್ತದೆ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ತಳಿಯಿಂದ ಬಂದು 1986ರಲ್ಲಿ ಬಿಡುಗಡೆಯಾದ ‘ಮಾರುತಿ’ ಈ ರೋಗವನ್ನು ತಡೆದುಕೊಂಡದ್ದರಿಂದಲೇ ಈ ಭಾಗದಲ್ಲಿ ಮನೆಮಾತಾಯಿತು. ತೊಗರಿಯ ವಂಶವಾಹಿ ನಕ್ಷೆ 2011ರಲ್ಲಿ ಪ್ರಕಟವಾದ ಮೇಲೂ, ಹೊಸ ತಳಿಗಳು ಬಂದ ಮೇಲೂ, 2022-23ರ ಹಂಗಾಮಿನಲ್ಲಿ ಜಿಲ್ಲೆಯ ತೊಗರಿ ನೆಟೆಗೆ ಸಿಕ್ಕಿ ಸರ್ಕಾರ ಪರಿಹಾರ ಘೋಷಿಸಬೇಕಾದ ಸ್ಥಿತಿ ಬಂದಿತು. ಬೇರು ಒಸರುವ ಸಕ್ಕರೆ ಮತ್ತು ಆಮ್ಲಗಳು ಉಪಕಾರಿ ರೈಜೋಬಿಯಂಗೂ ಆಹಾರ, ಅಪಕಾರಿ ಫ್ಯುಸೇರಿಯಂಗೂ ಆಹ್ವಾನ. ರೋಗ ತಾಳುವ ತಳಿಯ ಬೇರು ಮತ್ತು ತಾಳದ ತಳಿಯ ಬೇರು ಅಕ್ಕಪಕ್ಕದ ಎರಡು ಕಾಲುವೆಗಳಲ್ಲಿ ಬೆಳೆಯುವಾಗ ಶಿಲೀಂಧ್ರದ ಎಳೆ ಯಾವ ಕಡೆಗೆ ತಿರುಗುತ್ತದೆ, ಎಲ್ಲಿ ತಡೆಯಲ್ಪಡುತ್ತದೆ ಎಂಬುದನ್ನು ನೋಡಲು ಚಿಪ್ಪಿಗಿಂತ ತಕ್ಕ ಸಲಕರಣೆ ಇಲ್ಲ. ಈ ಪ್ರಯೋಗ ತೊಗರಿಯ ಪಾಲಿಗೆ ಬಹಳ ಮುಖ್ಯವಾದದ್ದು.

ತೊಗರಿಯ ಬೇರು ಇಂಗಾಲ ಕೊಟ್ಟು ರಂಜಕವನ್ನೂ ಪಡೆಯಬಲ್ಲದು. ಇಕ್ರಿಸ್ಯಾಟಿನಲ್ಲಿ ನಡೆದು 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, ‘ಎ’ (Ae) ಎಂಬ ಹೆಸರಿನ ವಿಜ್ಞಾನಿ ಮತ್ತು ಸಂಗಡಿಗರ ಸಂಶೋಧನೆ, ತೊಗರಿಯ ಬೇರು ಪಿಸಿಡಿಕ್ ಆಮ್ಲವನ್ನು ಒಸರಿ, ಕಬ್ಬಿಣದೊಂದಿಗೆ ಬೆಸೆದುಕೊಂಡ ರಂಜಕವನ್ನು ಬಿಡಿಸಿಕೊಳ್ಳುತ್ತದೆಂದು ತೋರಿಸಿತು. ಆದರೆ ಅದು ಕೆಂಪುಮಣ್ಣಿನ ಕಥೆ. ಎರೆಮಣ್ಣಿನಲ್ಲಿ ರಂಜಕ ಹೆಚ್ಚಾಗಿ ಸುಣ್ಣದ ಅಂಶದೊಂದಿಗೆ ಕೂಡಿರುತ್ತದೆ, ಅಲ್ಲಿ ಆ ಉಪಾಯಕ್ಕೆ ಅಷ್ಟು ಕೆಲಸವಿಲ್ಲ. ಬೇರೆ ಮಣ್ಣಿನಲ್ಲಿ ಕಂಡದ್ದನ್ನು ಎರೆಗೆ ಹಾಗೆಯೇ ಅನ್ವಯಿಸಬಾರದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಚಿಪ್ಪಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಪಿಡಿಎಂಎಸ್ ರಬ್ಬರಿನ ಮೂಲಕ ಆಮ್ಲಜನಕವೂ ಇಂಗಾಲದ ಡೈಆಕ್ಸೈಡೂ ಸಲೀಸಾಗಿ ಹಾದುಹೋಗುವುದರಿಂದ, ಉಸಿರಾಟವನ್ನು ಅಳೆಯುವ ಪ್ರಯೋಗದಲ್ಲಿ ಕಾಲುವೆಯ ಗೋಡೆಯೇ ಸೋರುವ ಪಾತ್ರೆಯಾಗುತ್ತದೆ. ಆಗ ಗಾಜನ್ನೇ ಕೆತ್ತಬೇಕು ಅಥವಾ ಸುತ್ತಲಿನ ಅನಿಲವನ್ನು ಹತೋಟಿಯಲ್ಲಿಡಬೇಕು. ಮೀಟರಿಗೂ ಮಿಕ್ಕಿ ಆಳಕ್ಕಿಳಿಯುವ ತೊಗರಿಯ ತಾಯಿಬೇರನ್ನು ಚಿಪ್ಪಿನಲ್ಲಿ ಹಿಡಿಸಲಾಗದು, ಎಳೆಯ ಸಸಿಯ ಕೆಲವು ದಿನಗಳನ್ನಷ್ಟೇ ನೋಡಬಹುದು. ಎಲ್ಲಕ್ಕಿಂತ ದೊಡ್ಡ ತೊಡಕು ಎರೆಯದೇ: ಚಿಪ್ಪಿನ ಗೋಡೆಗಳು ಸ್ಥಿರ, ಎರೆಮಣ್ಣಿನ ಗೋಡೆಗಳು ಉಬ್ಬಿ ಕುಗ್ಗುವಂಥವು. ಕಾಲುವೆಯೊಳಗೆ ಸ್ಮೆಕ್ಟೈಟ್ ಜೇಡಿಯನ್ನೇ ತುಂಬಿದರೆ ಮಣ್ಣು ನಿಜವಾಗುತ್ತದೆ, ಆದರೆ ನೋಟ ಮಸುಕಾಗುತ್ತದೆ. ನೀರು ಸೇರಿದಾಗ ಉಬ್ಬುವ ಪಾರದರ್ಶಕ ಜೆಲ್ಲುಗಳಿಂದ ಗೋಡೆ ಕಟ್ಟುವುದು ಒಂದು ದಾರಿಯಾಗಬಹುದು. ಸಮಶೀತೋಷ್ಣ ದೇಶಗಳ ಮೆದು ಮಣ್ಣನ್ನು ಮನಸ್ಸಿನಲ್ಲಿಟ್ಟು ಮಾಡಿದ ನಕ್ಷೆಯನ್ನು ತಂದು ಇಲ್ಲಿ ಎರಕ ಹೊಯ್ದರೆ ಫಲಿತಾಂಶ ಬರುತ್ತದೆ, ಆದರೆ ಅದು ಆಳಂದದ ಹೊಲದ ಫಲಿತಾಂಶವಾಗಿರುವುದಿಲ್ಲ.

ಈ ಕೆಲಸಕ್ಕೆ ಬೇಕಾದ ನೆಲೆಗಳು ಹತ್ತಿರದಲ್ಲೇ ಇವೆಯೆಂಬುದು ಭರವಸೆಯ ಸಂಗತಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, ತೊಗರಿ ಹೊಲಗಳ ನಡುವೆ. ಅದೇ ವರ್ಷ ಆರಂಭವಾದ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ತೊಗರಿಯ ತಳಿಗಳ ಮೇಲೆ ದೀರ್ಘಕಾಲದಿಂದ ಕೆಲಸ ಮಾಡಿದೆ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರುವುದರಿಂದ, ಈ ಬೇಳೆಯ ಗುಣಕ್ಕೂ ಈ ಮಣ್ಣಿಗೂ ಇರುವ ನಂಟನ್ನು ಮಾತಿನಲ್ಲಲ್ಲದೆ ಅಳತೆಯಲ್ಲಿ ತೋರಿಸುವ ಅಗತ್ಯವೂ ಹುಟ್ಟಿದೆ. ಶುದ್ಧಕೋಣೆಯಲ್ಲಿ ಒಮ್ಮೆ ಅಚ್ಚು ಮಾಡಿಸಿಕೊಂಡರೆ ಮುಂದಿನ ಎರಕಕ್ಕೆ ಒಂದು ಒಲೆ, ಒಂದು ನಿರ್ವಾತ ಪಾತ್ರೆ, ಒಂದು ಉತ್ತಮ ಸೂಕ್ಷ್ಮದರ್ಶಕ ಮತ್ತು ಅದನ್ನು ತಾಳ್ಮೆಯಿಂದ ನಡೆಸಬಲ್ಲ ವಿದ್ಯಾರ್ಥಿಗಳು ಸಾಕು.

ಮೊದಲು ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆ ಕುಡಿ ಚಿವುಟುವುದರ ಬಗ್ಗೆ ಇರಬಹುದು. ಬಿತ್ತಿದ ಒಂದೂವರೆ ತಿಂಗಳ ಹೊತ್ತಿಗೆ ತೊಗರಿಯ ಕುಡಿಯನ್ನು ಚಿವುಟಿದರೆ ಪಕ್ಕದ ರೆಂಬೆಗಳು ಒಡೆದು ಕಾಯಿ ಹೆಚ್ಚುತ್ತದೆಂದು ಈ ಭಾಗದ ರೈತರು ಕೈಯಿಂದಲೋ ಸಣ್ಣ ಯಂತ್ರದಿಂದಲೋ ಅದನ್ನು ಮಾಡುತ್ತಾರೆ. ಕುಡಿ ಕಳೆದುಕೊಂಡ ಗಿಡ ಕೆಲವು ದಿನ ತನ್ನ ಸಕ್ಕರೆಯನ್ನು ಹೊಸ ರೆಂಬೆಗೆ ಕಳಿಸುತ್ತದೆಯೋ, ಬೇರುಗಂಟಿಗೆ ಕಳಿಸುತ್ತದೆಯೋ, ಆ ದಿನಗಳಲ್ಲೇ ಮಳೆ ಸುರಿದು ನೀರು ಹೊಲದಲ್ಲಿ ನಿಂತರೆ ಗಂಟಿನ ಉಸಿರು ಯಾವ ಮಟ್ಟಕ್ಕೆ ಇಳಿಯುತ್ತದೆಯೋ, ಚಿವುಟಿದ ಗಿಡದ ಗಂಟು ಚೇತರಿಸಿಕೊಳ್ಳಲು ಚಿವುಟದ ಗಿಡದ ಗಂಟಿಗಿಂತ ಎಷ್ಟು ಹೆಚ್ಚು ತಾಸು ಬೇಕೋ ಎಂಬುದನ್ನು ಕುಂಡದಲ್ಲಿ ಬೆಳೆಸಿದ ತೊಗರಿಯ ಗಂಟಿಗೆ ಮೊನೆ ವಿದ್ಯುದಗ್ರವನ್ನು ಇಳಿಸಿ ಒಂದು ಹಂಗಾಮಿನೊಳಗೆ ಅಳೆಯಬಹುದು. ಅದರ ಉತ್ತರ ಬಂದ ವರ್ಷವೇ ಚಿವುಟುವ ದಿನವನ್ನು ಮಳೆಯ ಮುನ್ಸೂಚನೆಗೆ ಹೊಂದಿಸಿ ರೈತರಿಗೆ ತಿಳಿಸಲು ಸಾಧ್ಯವಾಗುತ್ತದೆ.